ಖಾತೆಯಿಲ್ಲದ ಸಚಿವೆಗೆ ಒಂದು ಬಹಿರಂಗ ಪತ್ರ

ಇಂದ,
ಮದುಮಗಳು, ಸನಿವೇಲ್, ಕ್ಯಾಲಿಫೋರ್ನಿಯಾ.

ಗೆ,
ಮಾನ್ಯ ಮೇಡ್ ಆಫ್ ಆನರ್ ಅವರು, ಫ್ರೀಮಾಂಟ್, ಅದೇ ಕ್ಯಾಲಿಫೋರ್ನಿಯಾ.

ವಿಷಯ: ತಾವು ಇದ್ದೀರೋ ಇಲ್ಲವೋ ಎಂಬ ಬಗ್ಗೆ ಸ್ಪಷ್ಟನೆ ಕೋರಿ.

ಉಲ್ಲೇಖ: ತಾವು ಓದಿಯೂ ಉತ್ತರಿಸದ ವಾಟ್ಸಾಪ್ ಸಂದೇಶಗಳು. ನೀಲಿ ಗೆರೆಗಳನ್ನು ಲಗತ್ತಿಸಲಾಗಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮದುವೆ ಹತ್ತಿರ ಬಂತು. ನನ್ನದು. ತಮಗೆ ಮರೆತಿದ್ದರೆ ತಿಳಿದಿರಲಿ ಎಂದು ಹೇಳಿದೆ.

ನಿನ್ನನ್ನು ‘ತಾವು’ ಎಂದಿದ್ದಕ್ಕೆ ಗಾಬರಿಯಾಗಬೇಡ ಮಾರಾಯ್ತಿ. ‘ನೀನು’ ಎಂದು ಬರೆದ ಯಾವುದಕ್ಕೂ ಉತ್ತರ ಬರಲಿಲ್ಲ. ಸರ್ಕಾರಿ ಭಾಷೆಯಲ್ಲಿ ಬರೆದರೆ ಕಡತವಾದರೂ ಅಲ್ಲಾಡೀತು ಎಂಬ ಆಸೆ. ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವರಿಗೆ ಇಂಥ ಆಸೆ ಇರಬಾರದು, ಆದರೂ. ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ನೀನು ಓದದಿದ್ದರೂ ಓದಿದವರು ಯಾರಾದರೂ ನಿನಗೆ ಹೇಳುತ್ತಾರೆ. ನಮ್ಮ ಕಡೆಯವರ ಮೇಲೆ ಆ ಒಂದು ವಿಶ್ವಾಸ ಇನ್ನೂ ಉಳಿದಿದೆ.

ಪದಗ್ರಹಣದ ದಿನವನ್ನು ನೆನಪಿಸುತ್ತೇನೆ. ಮದುಮಗಳ ಮುಖ್ಯ ಸಖಿಯಾಗೆಂದು ಕೇಳುವ ಇಲ್ಲಿನ ಪದ್ಧತಿಯಂತೆ ನಿನಗೊಂದು ಪೆಟ್ಟಿಗೆ ಕೊಟ್ಟೆ. ಒಳಗೆ ಪರಿಮಳದ ಮೇಣದಬತ್ತಿ, ಗೇಣುದ್ದವೂ ಇಲ್ಲದ ಶಾಂಪೇನ್ ಬಾಟಲಿ, ‘ನನ್ನ ಮೇಡ್ ಆಫ್ ಆನರ್ ಆಗ್ತೀಯಾ?’ ಎಂಬ ಕಾರ್ಡು. ಹುಡುಗ ನನ್ನನ್ನು ಕೇಳಿದಾಗಲೂ ಇಷ್ಟೊಂದು ಸರಂಜಾಮು ಇರಲಿಲ್ಲ. ನೀನೂ ಅತ್ತೆ, ನಾನೂ ಅತ್ತೆ; ನಿಜವಾದ ಅತ್ತೆ ಆಮೇಲೆ ಬಂದರು. ಫೋಟೊ ಇನ್‌ಸ್ಟಾಗ್ರಾಮಿಗೆ ಹೋಯಿತು. ಪ್ರಮಾಣವಚನ ಸ್ವೀಕರಿಸಿ, ಹಾರ ಹಾಕಿಸಿಕೊಂಡು, ಅಭಿಮಾನಿಗಳತ್ತ ಕೈಬೀಸಿ ಹೊರಟ ಸಚಿವರು ಆಮೇಲೆ ಇಲಾಖೆಯ ಕಡೆ ತಲೆ ಹಾಕುವುದಿಲ್ಲವಲ್ಲ, ಅಂದಿನಿಂದ ನಿನ್ನದೂ ಅದೇ ದಿನಚರಿ.

ಪ್ರಗತಿ ಪರಿಶೀಲನೆಗೆ ಬರೋಣ. ಸಖಿಯರ ಗೌನು ಸೇಜ್ ಹಸಿರೋ, ಮಾಸಲು ಗುಲಾಬಿಯೋ ಎಂದು ಗ್ರೂಪಿನಲ್ಲಿ ಕೇಳಿದೆ. ನೀನು ಹೆಬ್ಬೆರಳು ತೋರಿಸಿದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಹೆಬ್ಬೆರಳು ಹೇಗೆ ಉತ್ತರವಾಗುತ್ತದೆ? ಹೆಬ್ಬೆಟ್ಟು ಒತ್ತುವುದು ಓದುಬರಹ ಕಲಿಯಲಾಗದವರ ಕಷ್ಟ ಎಂದು ಶಾಲೆಯಲ್ಲಿ ಓದಿದ್ದೆವು, ನೀನು ಎಂ.ಎಸ್. ಮಾಡಿದವಳು. ಅಳತೆ ಕಳಿಸು, ಗೌನು ಹೊಲಿದು ಬರಲು ತಿಂಗಳುಗಟ್ಟಲೆ ಬೇಕು ಎಂದೆ. ‘ವೀಕೆಂಡ್ ಕಳಿಸ್ತೀನಿ ಕಣೇ’ ಎಂದೆ ನೀನು. ಆ ವೀಕೆಂಡ್ ಯಾವ ಕ್ಯಾಲೆಂಡರಿನಲ್ಲೂ ಇನ್ನೂ ಮುದ್ರಣವಾಗಿಲ್ಲ.

ಮದುವೆಗೆ ಮುಂಚೆ ಗೆಳತಿಯರೆಲ್ಲ ಕೂಡಿ ಮಾಡುವ ಬ್ಯಾಚಲರೆಟ್ ಪಾರ್ಟಿಯ ವಿಷಯವಂತೂ ಕೇಳುವುದೇ ಬೇಡ. ನಾಪಾ ಕಣಿವೆಯೋ, ಲಾಸ್ ವೇಗಸ್ಸೋ, ಹೆಣ್ಣುಮಕ್ಕಳೆಲ್ಲ ಕೌಬಾಯ್ ಟೋಪಿ ಹಾಕಿಕೊಂಡು ಹೋಗುವ ನ್ಯಾಶ್‌ವಿಲ್ಲೋ ಎಂಬುದನ್ನು ತೀರ್ಮಾನಿಸುವ ಅಧಿಕಾರ ಪೂರ್ತಿ ತಮ್ಮದೇ. ಒಂದಷ್ಟು ಜನರನ್ನು ಒಟ್ಟುಗೂಡಿಸಿ, ರೆಸಾರ್ಟಿಗೆ ಸಾಗಿಸಿ, ಊಟ ಉಪಚಾರ ನೋಡಿಕೊಂಡು, ಯಾರೂ ತಪ್ಪಿಸಿಕೊಳ್ಳದಂತೆ ವಾಪಸು ಕರೆತರುವ ಕೆಲಸ. ಇದನ್ನು ಕರ್ನಾಟಕದವಳಿಗೆ ಹೇಳಿಕೊಡಬೇಕೇ? 2019ರ ಜುಲೈನಲ್ಲಿ ನಮ್ಮ ಬಂಡಾಯ ಶಾಸಕರು ಮುಂಬೈಯ ಹೋಟೆಲಿನಲ್ಲಿ ತಂಗಿದರಲ್ಲ, ಅಲ್ಲಿ ಯಾರಾದರೂ ‘ಯಾವ ವಾರ ಎಲ್ಲರಿಗೂ ಅನುಕೂಲ?’ ಎಂದು ವಾಟ್ಸಾಪ್ ಪೋಲ್ ಹಾಕಿ ಕಾದು ಕೂತ ಹಾಗೆ ಕಾಣಲಿಲ್ಲ. ಕೆಲಸ ಆಯಿತು, ಅದೇ ತಿಂಗಳು ಸರ್ಕಾರವೂ ಹೋಯಿತು.

ಖಾತೆ ಖಾಲಿ ಬಿದ್ದರೆ ಆಕಾಂಕ್ಷಿಗಳಿಗೆ ಬರವೇ? ಒಹಾಯೊದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಗೂಗಲ್ ಶೀಟ್ ಮಾಡಿದ್ದಾಳೆ. ಮಳೆ ಬಂದರೆ ಎಂಬುದಕ್ಕೊಂದು ಕಾಲಂ, ಬಾರದಿದ್ದರೆ ಇನ್ನೊಂದು. ನಿನ್ನ ಹೆಸರಿನ ಮುಂದಿನ ಚೌಕಗಳೆಲ್ಲ ಕೆಂಪು. ನನ್ನ ನಾದಿನಿಯಾಗಲಿರುವ ಹುಡುಗಿಯೋ, ‘ಪರವಾಗಿಲ್ಲ ಅತ್ತಿಗೆ, ಅವರು ಬ್ಯುಸಿ ಇರಬೇಕು, ನಾನೇ ಮಾಡ್ತೀನಿ’ ಎನ್ನುತ್ತಾಳೆ. ‘ಅವರು’ ಎನ್ನುವಾಗ ಒಂದು ಚೂರು ಒತ್ತು ಬೀಳುತ್ತದೆ. ಪತ್ರಿಕೆಗಳಲ್ಲಿ ಭಿನ್ನಮತೀಯ ಚಟುವಟಿಕೆ ಎಂದು ಬರೆಯುತ್ತಾರಲ್ಲ, ಅದು ಶುರುವಾಗುವುದು ಹೀಗೆಯೇ.

ನ್ಯಾಯವಾಗಿ ಹೇಳಬೇಕೆಂದರೆ ಈ ಹುದ್ದೆಗೆ ಸಂಬಳವಿಲ್ಲ, ಕೈಯಿಂದಲೇ ಹಾಕಬೇಕು. ಇಂಗ್ಲೆಂಡಿನಲ್ಲಿ ಸಖಿಯರ ಉಡುಪಿನ ಖರ್ಚು ಸಾಮಾನ್ಯವಾಗಿ ಮದುವೆಯ ಮನೆಯದು. ಅಮೆರಿಕದಲ್ಲಿ ಉಡುಪು, ಚಪ್ಪಲಿ, ವಿಮಾನ, ಹೋಟೆಲು ಎಲ್ಲ ಅವರವರದೇ. ಬ್ಯಾಚಲರೆಟ್ಟಿನಲ್ಲಿ ಮದುಮಗಳ ಪಾಲಿನ ದುಡ್ಡನ್ನೂ ಅವರೇ ಹಂಚಿಕೊಂಡು ಕೊಡುವ ರೂಢಿ. ಗೌರವಧನ ಕೊಡುವುದನ್ನು ಕೇಳಿದ್ದೇವೆ, ಇದು ಗೌರವಕ್ಕೆ ಧನ ಕೇಳುವ ವ್ಯವಸ್ಥೆ. ಯಾರು ಕಂಡುಹಿಡಿದರೋ, ಮಲೆನಾಡಿನವರಂತೂ ಅಲ್ಲ.

ನಿನ್ನ ಮೇಲೆ ಸಿಟ್ಟು ಬಂದ ರಾತ್ರಿಗಳಲ್ಲಿ ನಾನು ಇಂಗ್ಲೆಂಡಿನ ಇತಿಹಾಸ ಓದುತ್ತೇನೆ, ಮನಸ್ಸಿಗೆ ತಂಪು. ಮೇಡ್ ಆಫ್ ಆನರ್ ಎಂಬ ಪದವಿ ಅಲ್ಲಿನ ಅರಮನೆಯಲ್ಲಿತ್ತು, ರಾಣಿಯ ಜೊತೆಗಿರುವ ಕುಲೀನ ಕನ್ಯೆಯರಿಗೆ. ಎಂಟನೆಯ ಹೆನ್ರಿಯ ಮೊದಲ ರಾಣಿ ಕ್ಯಾಥರೀನಳ ಸೇವೆಯಲ್ಲಿದ್ದ ಆನ್ ಬೊಲಿನ್ ಎಷ್ಟು ಮುತುವರ್ಜಿಯಿಂದ ಕೆಲಸ ಮಾಡಿದಳೆಂದರೆ 1533ರಲ್ಲಿ ತಾನೇ ರಾಣಿಯಾದಳು. ಆನ್‌ಳ ಸೇವೆಯಲ್ಲಿದ್ದ ಜೇನ್ ಸೀಮೋರ್ 1536ರ ಮೇ ತಿಂಗಳಲ್ಲಿ, ಒಡತಿಯ ತಲೆ ಉರುಳಿ ಎರಡು ವಾರವೂ ಕಳೆಯುವ ಮೊದಲೇ ರಾಜನ ಕೈಹಿಡಿದಳು. ನಾಲ್ಕನೆಯ ರಾಣಿ ಆನ್ ಆಫ್ ಕ್ಲೀವ್ಸ್‌ಳ ಸಖಿ ಕ್ಯಾಥರೀನ್ ಹೊವರ್ಡ್ 1540ರಲ್ಲಿ ಐದನೆಯ ರಾಣಿ. ಇವರಲ್ಲಿ ಯಾರನ್ನೂ ಕೆಲಸದಲ್ಲಿ ಆಸಕ್ತಿ ಇರಲಿಲ್ಲ ಎಂದು ದೂರುವಂತಿಲ್ಲ. ನೀನೋ, ನನ್ನ ಹುಡುಗನ ಹೆಸರನ್ನು ಇವತ್ತಿಗೂ ತಪ್ಪಾಗಿ ಬರೆಯುವವಳು. ಆ ಮಟ್ಟಿಗೆ ನನ್ನ ತಲೆ ಕ್ಷೇಮ.

ಅಷ್ಟು ಹಿಂದಕ್ಕೆ ಹೋಗುವುದೇಕೆ, 2011ರ ಏಪ್ರಿಲ್ 29ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕೇಟ್ ಮಿಡಲ್ಟನ್ ಮದುವೆಯಾದಾಗ ಗೌನಿನ ಬಾಲ ಸರಿಮಾಡುತ್ತ ಹಿಂದೆ ಬಂದ ತಂಗಿ ಪಿಪ್ಪಾ ಮದುಮಗಳಿಗೆ ಸರಿಸಮವಾಗಿ ಸುದ್ದಿಯಾದಳು. ಅಳತೆಯನ್ನೇ ಕಳಿಸದೆ ನೀನು ನನ್ನನ್ನು ಆ ಗಂಡಾಂತರದಿಂದಲೂ ಪಾರುಮಾಡಿದ್ದೀಯ.

ಅಮ್ಮನಿಗೆ ಫೋನಿನಲ್ಲಿ ನಿನ್ನ ಮೇಲೆ ದೂರು ಹೇಳಿದೆ. ‘ಅವಳು ಬರ್ತಾಳೆ ಅಲ್ದಾ?’ ಎಂದಳು. ಬರ್ತಾಳೆ ಎಂದೆ. ‘ಮತ್ತೆ ಎಂತ ನಿಂದು?’ ಎಂದಳು.

ಅಮ್ಮನ ಲೆಕ್ಕದಲ್ಲಿ ಮದುಮಗಳ ಪಕ್ಕ ನಿಲ್ಲುವವಳು ಎಂದರೆ ಕಳಸಗಿತ್ತಿ. ತಂಗಿಯೋ, ನೆಂಟರ ಹುಡುಗಿಯೋ, ಕಳಸ ಕನ್ನಡಿ ಹಿಡಿದು ಬಗಲಿಗೆ ನಿಂತರೆ ಅವಳ ಕೆಲಸ ಮುಗಿಯಿತು. ಯಾರೂ ಅವಳನ್ನು ಬಜೆಟ್ ಕೇಳುವುದಿಲ್ಲ. ಉಳಿದದ್ದಕ್ಕೆ ಬೇರೆ ಜನ ಇದ್ದಾರೆ. ಚಪ್ಪರಕ್ಕೆ ಚಿಕ್ಕಪ್ಪ, ಅಡುಗೆ ಭಟ್ಟರ ಬೆನ್ನು ಹತ್ತಲು ದೊಡ್ಡಪ್ಪ, ಮದುಮಗಳನ್ನು ಮಂಟಪಕ್ಕೆ ಕರೆತರಲು ಸೋದರಮಾವ, ತಾಂಬೂಲದ ಚೀಲ ತುಂಬಲು ಅತ್ತೆಯಂದಿರು, ಜಗಳ ತೆಗೆಯಲು ಒಬ್ಬ ಭಾವ. ಆ ಭಾವನಿಗೂ ಯಾರೂ ಪೆಟ್ಟಿಗೆಯಲ್ಲಿ ಮೇಣದಬತ್ತಿ ಇಟ್ಟು ‘ಜಗಳ ತೆಗೀತೀಯಾ?’ ಎಂದು ಕೇಳಿರುವುದಿಲ್ಲ. ತಾನಾಗಿಯೇ ತೆಗೆಯುತ್ತಾನೆ.

ಇಲ್ಲಿ ಅವರ್ಯಾರೂ ಇಲ್ಲ. ಅರ್ಧ ಜನಕ್ಕೆ ವೀಸಾ ಸಂದರ್ಶನದ ದಿನ ಸಿಕ್ಕಿಲ್ಲ, ಉಳಿದರ್ಧಕ್ಕೆ ಮಂಡಿನೋವು. ಅಷ್ಟೂ ಮಂದಿಯ ಕೆಲಸವನ್ನು ಒಬ್ಬಳೇ ಗೆಳತಿಯ ತಲೆಗೆ ಕಟ್ಟಿ, ಅದಕ್ಕೊಂದು ಅರಮನೆಯ ಹೆಸರಿಟ್ಟು, ಅವಳ ಕತ್ತು ಬಗ್ಗಿದ ಕೂಡಲೇ ‘ಇವಳಿಗೆ ನನ್ನ ಮದುವೆಯಲ್ಲಿ ಆಸಕ್ತಿಯೇ ಇಲ್ಲ’ ಎನ್ನುವುದನ್ನು ಈ ದೇಶದ ಮದುವೆ ಮಾರುಕಟ್ಟೆ ನಮಗೆಲ್ಲ ಚೆನ್ನಾಗಿ ಕಲಿಸಿದೆ. ಇದನ್ನು ನಿನ್ನ ಪರ ವಾದ ಎಂದು ತಿಳಿಯಬೇಡ. ಅಳತೆ ಕಳಿಸಲು ಐದು ನಿಮಿಷ ಸಾಕು.

ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಅವಳನ್ನು ತೆಗೆದುಹಾಕು ಎಂದು ಆಫೀಸಿನವಳೊಬ್ಬಳು ಹೇಳಿದಳು. ಮೇಡ್ ಆಫ್ ಆನರನ್ನು ವಜಾ ಮಾಡಿ ಗೆಳತಿಯನ್ನು ಉಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ವಜಾ ಆದ ಸಚಿವರು ಮಾರನೆಯ ದಿನ ಪತ್ರಿಕಾಗೋಷ್ಠಿ ಕರೆಯುತ್ತಾರೆ. ನೀನು ಕರೆಯುವವಳಲ್ಲ. ಮದುವೆಗೆ ಬಂದು, ಹಿಂದಿನ ಸಾಲಿನಲ್ಲಿ ಕೂತು, ಊಟ ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತೀಯ. ಅದಕ್ಕಿಂತ ಪತ್ರಿಕಾಗೋಷ್ಠಿ ವಾಸಿ. ಬಾಯಿಮುಚ್ಚಿಕೊಂಡು ಎಲ್ಲ ನೀನೇ ಮಾಡಿಕೋ ಎಂದರು ಇನ್ನೊಬ್ಬರು. ಹಾಗೆ ಮಾಡಿದರೆ ಮದುವೆ ಚೆನ್ನಾಗಿಯೇ ಆಗುತ್ತದೆ. ಆದರೆ ಎಷ್ಟೋ ವರ್ಷದ ಮೇಲೆ ನಿನ್ನ ಮಗುವಿನ ನಾಮಕರಣದಲ್ಲಿ, ಎಲ್ಲರೂ ತೊಟ್ಟಿಲ ಸುತ್ತ ಇರುವಾಗ, ಸೇಜ್ ಹಸಿರಿನ ಮಾತು ತೆಗೆಯುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತು.

ಮೂರನೆಯ ದಾರಿ ಕರ್ನಾಟಕದ್ದು. 2019ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ಸಂಪುಟಕ್ಕೆ ಮೂವರು ಉಪಮುಖ್ಯಮಂತ್ರಿಗಳಾದರು. ಇದ್ದವರನ್ನು ಇಳಿಸುವ ರಗಳೆ ಬೇಡ, ಪಕ್ಕದಲ್ಲಿ ಇನ್ನೆರಡು ಕುರ್ಚಿ ಹಾಕಿದರಾಯಿತು. ಅದರಂತೆ ಆದೇಶ ಹೊರಡಿಸಲಾಗಿದೆ. ರೆಸಾರ್ಟ್ ಮತ್ತು ಬ್ರೈಡಲ್ ಶವರ್ ಎಂಬ ಉಡುಗೊರೆ ಕೂಟದ ಖಾತೆ ಒಹಾಯೊಗೆ. ಉಡುಪು, ಹೂವು, ಮೇಕಪ್ ನಾದಿನಿಗೆ. ಮೇಡ್ ಆಫ್ ಆನರ್ ಎಂಬ ಹೆಸರು, ಸರ್ಕಾರಿ ಕಾರು ಮತ್ತು ಫೋಟೊದಲ್ಲಿ ನನ್ನ ಬಲಗಡೆಯ ಜಾಗ ತಮ್ಮಲ್ಲೇ ಉಳಿಯುತ್ತವೆ.

ಇನ್ನು ನಿನಗೆ ಯಾವ ಖಾತೆ? ಹಾಸ್ಟೆಲಿನಲ್ಲಿ ನೀನು ಒಂದು ಲ್ಯಾಬ್ ರೆಕಾರ್ಡನ್ನೂ ಸಮಯಕ್ಕೆ ಕೊಟ್ಟವಳಲ್ಲ. ನಿನ್ನ ಕಾಲಗಣನೆಯಲ್ಲಿ ಮುಂದಿನ ವಾರ ಎಂಬುದಿಲ್ಲ. ಆದರೆ ‘ಈಗ’ ಎಂದರೆ ನಿನ್ನಂಥವಳು ಇನ್ನೊಬ್ಬಳಿಲ್ಲ. ನನ್ನ ಕೆಲಸ ಹೋಗಿ, ಎಚ್-1ಬಿಯವರಿಗೆ ಸಿಗುವ 60 ದಿನದ ಗಡುವಿನಲ್ಲಿ ಒದ್ದಾಡುತ್ತಿದ್ದಾಗ ನೀನು ರೆಸ್ಯೂಮೆ ತಿದ್ದಲಿಲ್ಲ, ಲಿಂಕ್ಡ್‌ಇನ್ ಬೋಧನೆ ಮಾಡಲಿಲ್ಲ. ನಿನ್ನ ಸೋಫಾ ಬಿಟ್ಟುಕೊಟ್ಟೆ. ‘ಸಿಗತ್ತೆ ಬಿಡೇ’ ಎಂದು ಹೇಳಿ ನಡುರಾತ್ರಿಯವರೆಗೆ ಹಳೆಯ ಕನ್ನಡ ಸಿನಿಮಾ ಹಾಕಿ ಪಕ್ಕದಲ್ಲಿ ಕೂತೆ. ನಡುವೆ ನಾನು ಅತ್ತರೆ ಸಿನಿಮಾ ನಿಲ್ಲಿಸಿದೆ, ಸುಮ್ಮನಾದರೆ ಮುಂದುವರಿಸಿದೆ. 880 ಹೈವೇಯಲ್ಲಿ ನನ್ನ ಕಾರು ಕೆಟ್ಟು ನಿಂತ ರಾತ್ರಿ ನೈಟಿಯ ಮೇಲೆ ಜಾಕೆಟ್ ಹಾಕಿಕೊಂಡು, ಡಬ್ಬಿಯಲ್ಲಿ ಚಿತ್ರಾನ್ನ ಹಿಡಿದು ಬಂದೆ. ಟೋ ಟ್ರಕ್ಕಿನವನ ಜೊತೆ ಚೌಕಾಸಿ ಮಾಡಿದೆ. ಅಂಥವನ ಜೊತೆ ಚೌಕಾಸಿ ಮಾಡಬಹುದೆಂದು ಅಲ್ಲಿಯವರೆಗೆ ಅವನಿಗೂ ಗೊತ್ತಿರಲಿಲ್ಲ.

ಆದ್ದರಿಂದ ತಮಗೆ ವಿಪತ್ತು ನಿರ್ವಹಣೆ. ಮದುವೆಯ ದಿನ ಬೆಳಗಿನಿಂದ ರಾತ್ರಿಯವರೆಗೆ ಮಾತ್ರ ಅಧಿಕಾರ, ಅದಕ್ಕೆ ಮುಂಚೆ ಒಂದು ನಿಮಿಷದ ಕೆಲಸವೂ ಇಲ್ಲ. ಬೆಳಿಗ್ಗೆ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ಧಾರೆ, ಸಂಜೆ ರಿಸೆಪ್ಷನ್. ನಡುವೆ ಮದುಮಗಳಿಗೆ ಊಟ ಹಾಕಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಫೋಟೊಗ್ರಾಫರಿಗೆ ಬಿಸಿ ಬಿಸಿ ಊಟ ಸಿಗುತ್ತದೆ, ಅವಳಿಗೆ ಜ್ಯೂಸು. ಚಿತ್ರಾನ್ನದ ಡಬ್ಬಿ ತರತಕ್ಕದ್ದು. ನಾನು ಶೌಚಾಲಯಕ್ಕೆ ಹೋಗುವಾಗ ಲೆಹಂಗ ಎತ್ತಿ ಹಿಡಿಯತಕ್ಕದ್ದು. ಇದನ್ನು ಒಹಾಯೊಗೆ ಹೇಳಲು ನನಗೆ ನಾಚಿಕೆ, ನಾದಿನಿಗೆ ಹೇಳಿದರೆ ಜನ್ಮಪೂರ್ತಿ ನೆನಪಿಸುತ್ತಾಳೆ. ಅಮ್ಮನೂ ಅತ್ತೆಯೂ ‘ನಮ್ಮಲ್ಲಿ ಹಾಗಲ್ಲ’ ಎಂದು ಒಟ್ಟಿಗೆ ಬಾಯಿ ತೆರೆದ ಕ್ಷಣ ನಡುವೆ ಬಿದ್ದು ಯಾರಾದರೊಬ್ಬರಿಗೆ ಕಾಫಿ ಕೊಡತಕ್ಕದ್ದು.

ಟೋಸ್ಟ್ ಭಾಷಣ ಮೂರು ನಿಮಿಷ. ಬರೆದುಕೊಂಡು ಬರಬೇಡ, ಬರೆಯುವುದಿಲ್ಲ ಎಂದು ಗೊತ್ತು. ಎರಡನೆಯ ಸೆಮಿಸ್ಟರಿನ ಕಥೆ ಹೇಳಕೂಡದು. ಮೆಸ್ಸಿನ ಕಥೆ ಹೇಳಬಹುದು, ಆದರೆ ವಾರ್ಡನ್ ಬರುವ ಭಾಗಕ್ಕೆ ಮುಂಚೆ ನಿಲ್ಲಿಸು.

ಕೊನೆಯದಾಗಿ ಸಹಿ. ಕ್ಯಾಲಿಫೋರ್ನಿಯಾದ ಮದುವೆ ಪರವಾನಗಿಯ ಮೇಲೆ ಕನಿಷ್ಠ ಒಬ್ಬ ಸಾಕ್ಷಿ ಸಹಿ ಹಾಕಬೇಕು. ಗೌನು, ಶವರ್, ಕೌಬಾಯ್ ಟೋಪಿ ಯಾವುದನ್ನೂ ಸರ್ಕಾರ ಕೇಳಿಲ್ಲ. ನಾನು ಮದುವೆಯಾಗುವುದನ್ನು ಕಣ್ಣಾರೆ ನೋಡಿದ ಒಬ್ಬರು ಬೇಕು, ಅಷ್ಟೇ. ಆ ಗೆರೆಯ ಮೇಲೆ ಒಹಾಯೊ ಬೇಡ, ನಾದಿನಿ ಬೇಡ, ನೀನೇ ಬೇಕು. ಪರವಾನಗಿಯ ಆಯುಸ್ಸು 90 ದಿನ. ನಿನಗೆ ಕೊಡುತ್ತಿರುವ ಗಡುವು ಇದೊಂದೇ. ಇದೂ ಆಗುವುದಿಲ್ಲ ಎನ್ನುವುದಾದರೆ ಗ್ರೂಪಿನಲ್ಲಿ ಹಾಕಬೇಡ, ಫೋನ್ ಮಾಡಿ ಹೇಳು. ಬೈಯುತ್ತೇನೆ, ಆಮೇಲೆ ಇಬ್ಬರೂ ಎಲ್ಲಾದರೂ ದೋಸೆ ತಿನ್ನಲು ಹೋಗೋಣ.

ತಮ್ಮ ವಿಶ್ವಾಸಿ,
ಮದುಮಗಳು

ಪ್ರತಿಗಳು: ಒಹಾಯೊದ ತಂಗಿಗೆ, ಶೀಟಿನಲ್ಲಿ ಕೆಂಪು ಬಣ್ಣ ತೆಗೆಯುವ ಸೂಚನೆಯೊಂದಿಗೆ. ಅಮ್ಮನಿಗೆ, ಮಾಹಿತಿಗಾಗಿ; ಓದಿದ ಮೇಲೆ ಸಚಿವೆಗೆ ಫೋನ್ ಮಾಡಿ ‘ಇವಳು ಹೀಗೆಲ್ಲ ಬರೆದಿದ್ದಾಳೆ’ ಎಂದು ಹೇಳುವುದು ಕಡ್ಡಾಯ. ಮದುಮಗನಿಗೆ, ತನ್ನ ಹೆಸರಿನ ಸರಿಯಾದ ಅಕ್ಷರಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಫ್ರೀಮಾಂಟಿಗೆ ಕಳಿಸಿಕೊಡಲು.