ಮೈಸೂರು ಕರಾವಳಿಯ ತೀರವಾರ್ತಾಶಾಸ್ತ್ರ: ಒಂದು ಸಂಕ್ಷಿಪ್ತ ಮೀಮಾಂಸೆ

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಅರಬ್ಬಿ ಸಮುದ್ರಕ್ಕೂ ತನಗೂ ನಡುವೆ ಇಡೀ ಕೊಡಗನ್ನು ಅಡ್ಡವಿಟ್ಟುಕೊಂಡು ಕುಳಿತಿರುವ ಮೈಸೂರನ್ನು ಭೂಗೋಳದ ಪುಸ್ತಕಗಳು ಒಳನಾಡಿನ ಊರೆಂದೇ ಬರೆಯುತ್ತ ಬಂದಿರುವುದಕ್ಕೆ, ಆ ಪುಸ್ತಕಗಳ ಕರ್ತೃಗಳು ಬೆಳಗಿನ ಆರು ಗಂಟೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದವರಲ್ಲ ಎಂಬುದೊಂದೇ ಕಾರಣವಿರಬೇಕು. ನೆಲ ಮುಗಿದು ನೀರು ಶುರುವಾಗುವ ಅಂಚಿನಲ್ಲಿ ನಿಂತ ಜನ ನೀರನ್ನು ಎರಡು ನಿಮಿಷ ನೋಡಿ, ಉಳಿದ ಹೊತ್ತು ಪರಸ್ಪರರನ್ನು ನೋಡುವ ಪ್ರದೇಶವೇ ಕರಾವಳಿ ಎಂಬ ಲಕ್ಷಣವನ್ನು ಒಪ್ಪುವುದಾದರೆ, ಸರಸ್ವತೀಪುರ, ಪಡುವಾರಹಳ್ಳಿ, ರಾಮಕೃಷ್ಣನಗರ, ಸಿದ್ಧಾರ್ಥ ಬಡಾವಣೆಗಳು ಮಲ್ಪೆಗಾಗಲಿ ಕಾರವಾರಕ್ಕಾಗಲಿ ಯಾವ ರೀತಿಯಲ್ಲೂ ಕಡಿಮೆಯವಲ್ಲ. ಈ ಬಡಾವಣೆಗಳಲ್ಲಿ ಯಾರ ಮನೆಗೆ ಯಾರು ಬಂದರು, ಎಲ್ಲಿ ಪೈಪು ಒಡೆಯಿತು, ಯಾವ ರಸ್ತೆಯನ್ನು ಮತ್ತೆ ಅಗೆದರು ಎಂಬ ಅರಿವು ಹುಟ್ಟುವ, ಹರಡುವ ಮತ್ತು ಕೆಡುವ ಕ್ರಮವನ್ನು ವಿವೇಚಿಸುವ ಶಿಸ್ತಿಗೆ ಇಲ್ಲಿ ತೀರವಾರ್ತಾಶಾಸ್ತ್ರ ಎಂಬ ಹೆಸರನ್ನಿಟ್ಟುಕೊಳ್ಳಲಾಗಿದೆ.

ಬೇರೆ ನಾಡುಗಳ ಕಡಲತಡಿ ರೂಪುಗೊಳ್ಳಲು ಯುಗಗಳೇ ಹಿಡಿದವು. ಮೈಸೂರಿನ ಕರಾವಳಿಯ ಮುಖ್ಯ ಭಾಗವನ್ನಾದರೋ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಜೀವಮಾನದಲ್ಲಿ ಮುಗಿಸಿದರು. ಲಿಂಗಾಂಬುಧಿ ಕೆರೆ 1828ರದು. ಕುಕ್ಕರಹಳ್ಳಿ ಕೆರೆ 1864ರದು, ಅಂದರೆ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲಿನದು. ಅದನ್ನು ಕಟ್ಟಿಸಿದ್ದು ಊರ ಹೊರಗಿನ ಜಮೀನಿಗೆ ನೀರುಣಿಸಲೆಂದು; ಅದು ಮುಂದೆ ನಿವೃತ್ತ ಪ್ರಾಧ್ಯಾಪಕರ ರಕ್ತದೊತ್ತಡವನ್ನು ಇಳಿಸುವ ಕೆಲಸಕ್ಕೆ ಬಂದೀತೆಂದು ಯಾವ ದಿವಾನನೂ ಊಹಿಸಿರಲಾರ. ಕೆಲವು ತೀರಗಳು ಹಿಂದೆಯೂ ಸರಿದಿವೆ: ದೊಡ್ಡಕೆರೆ ಮೈದಾನದಲ್ಲಿ ಈಗ ಕೆರೆಯಿಲ್ಲ, ದಸರಾ ವಸ್ತುಪ್ರದರ್ಶನವಿದೆ, ಸುಬ್ಬರಾಯನಕೆರೆಯಲ್ಲಿ ಕೆರೆಯಿಲ್ಲ, ಸ್ವಾತಂತ್ರ್ಯ ಹೋರಾಟದ ಸಭೆಗಳ ನೆನಪಿದೆ. ನೀರು ಬತ್ತಿದರೂ ಜನ ಗುಂಪುಗೂಡುವ ಚಾಳಿ ಬತ್ತುವುದಿಲ್ಲವೆಂಬುದಕ್ಕೆ ಇವೆರಡೂ ಸಾಕ್ಷಿ.

ಉಬ್ಬರವಿಳಿತಗಳಿಲ್ಲದ ಊರನ್ನು ಕರಾವಳಿಯೆಂದು ಕರೆಯುವುದು ಹೇಗೆ ಎಂಬ ಆಕ್ಷೇಪ ಸಹಜವಾದದ್ದು. ಅದಕ್ಕೆ ಉತ್ತರವು ಪ್ರತಿದಿನದ ಪತ್ರಿಕೆಯಲ್ಲೇ ಅಚ್ಚಾಗುತ್ತಿದೆ. ಮಂಗಳೂರಿನ ಸಮುದ್ರಕ್ಕೆ ದಿನಕ್ಕೆರಡು ಬಾರಿ ಉಬ್ಬರ ಬಂದರೆ, ಮೈಸೂರಿನವರು ಕಣ್ಣಿಟ್ಟಿರುವ ಕೃಷ್ಣರಾಜಸಾಗರಕ್ಕೆ ವರ್ಷಕ್ಕೊಂದೇ ಉಬ್ಬರ. ಅದರ ಗರಿಷ್ಠ ಮಟ್ಟವಾದ 124.80 ಅಡಿ ಎಂಬ ಅಂಕಿಯನ್ನು, ಸ್ವಂತ ಮೊಬೈಲ್ ನಂಬರನ್ನು ಮರೆಯುವ ಹಿರಿಯರೂ ದಶಮಾಂಶಸಹಿತ ಹೇಳಬಲ್ಲರು. ಕಡಲಿನ ಉಬ್ಬರಕ್ಕೆ ಚಂದ್ರನ ಸೆಳೆತ ಕಾರಣ. ಇಲ್ಲಿನದಕ್ಕೆ ಕೊಡಗಿನ ಮಳೆ ಒಂದು ಕಡೆಯಿಂದಲೂ, 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ ಮತ್ತು 2018ರ ಸುಪ್ರೀಂ ಕೋರ್ಟ್ ತೀರ್ಪಿನ ತರುವಾಯದ ನಿರ್ವಹಣಾ ಪ್ರಾಧಿಕಾರ ಇನ್ನೊಂದು ಕಡೆಯಿಂದಲೂ ಕಾರಣವಾಗಿದ್ದು, ಎರಡನೆಯದರ ಗುರುತ್ವಾಕರ್ಷಣೆ ಬೇಸಿಗೆಯಲ್ಲಿ ಹೆಚ್ಚೆಂಬುದು ಸ್ಥಳೀಯರ ದೃಢ ನಂಬಿಕೆ. 2023ರಲ್ಲಿ ಉಬ್ಬರವೇ ಪೂರ್ತಿಯಾಗಲಿಲ್ಲ. 2025ರಲ್ಲಿ ಜೂನ್ ಮುಗಿಯುವ ಮೊದಲೇ ಅಣೆಕಟ್ಟೆ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ಉಬ್ಬರಕ್ಕೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಸರ್ಕಾರವೇ ಮರ್ಯಾದೆ ಮಾಡುವ ಪದ್ಧತಿ ಮಲ್ಪೆಯಲ್ಲಿಲ್ಲ.

ಇನ್ನು ವಾರ್ತೆಯ ಚಲನೆ. ಕುಕ್ಕರಹಳ್ಳಿಯ ತೀರರೇಖೆ ಸುಮಾರು 5 ಕಿಲೋಮೀಟರ್. ಅದನ್ನು ಸುತ್ತುವವರಲ್ಲಿ ಎರಡು ಪಂಥಗಳಿವೆ: ಕೆರೆಯನ್ನು ಬಲಕ್ಕಿಟ್ಟುಕೊಂಡು, ದೇವರಿಗೆ ಸುತ್ತು ಬರುವ ಕ್ರಮದಲ್ಲಿ ನಡೆಯುವವರು ಪ್ರದಕ್ಷಿಣ ಪಂಥದವರು, ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದೋ, ಸಂಬಂಧಿಯೊಬ್ಬರ ಮುಖ ನೋಡಬಾರದೆಂದೋ ಉಲ್ಟಾ ಹೊರಡುವವರು ಅಪ್ರದಕ್ಷಿಣ ಪಂಥದವರು. ಗಂಟೆಗೆ 5 ಕಿಲೋಮೀಟರ್ ವೇಗದ ಇಬ್ಬರು ಎದುರುಬದುರಾಗಿ ನಡೆದರೆ ಪ್ರತಿ 30 ನಿಮಿಷಕ್ಕೊಮ್ಮೆ ಸಂಧಿಸಲೇಬೇಕು. ಅದೂ ಕೆರೆಯ ಎದುರುಬದುರು ದಡಗಳ ಎರಡೇ ಬಿಂದುಗಳಲ್ಲಿ, ಸರದಿಯ ಮೇಲೆ. ಇದು ಗಣಿತ, ಇದರಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ. ಮೊದಲ ಬಿಂದುವಿಗೆ ಸುದ್ದಿಸ್ಥಾನವೆಂದೂ ಎರಡನೆಯದಕ್ಕೆ ತಿದ್ದುಪಡಿಸ್ಥಾನವೆಂದೂ ಹೆಸರು. ಸುದ್ದಿಸ್ಥಾನದಲ್ಲಿ, "ಗೊತ್ತಾಯ್ತಾ ಸಾರ್? ಮೂರನೇ ಕ್ರಾಸಿನ ಮನೆ ಮಾರಿದ್ರಂತೆ" ಎಂದವರು, ಅರ್ಧ ಗಂಟೆಯ ಬಳಿಕ ತಿದ್ದುಪಡಿಸ್ಥಾನದಲ್ಲಿ, "ಮಾರಿಲ್ವಂತೆ ಸಾರ್, ಪೇಂಟ್ ಹೊಡೆಸ್ತಿದ್ದಾರಂತೆ" ಎನ್ನುತ್ತಾರೆ. ನಡುವಿನ ಅರ್ಧ ಗಂಟೆಯಲ್ಲಿ ಆ ಮನೆಗೆ ಬೆಲೆ ಕಟ್ಟಿ, ಕೊಂಡವರ ಊರನ್ನು ಊಹಿಸಿ, ಮಾರಿದವರ ಮಕ್ಕಳನ್ನು ಬೈದು ಮುಗಿಸಿದವರ ಸಂಖ್ಯೆ ಪಥದ ಜನಸಾಂದ್ರತೆಯನ್ನು ಅವಲಂಬಿಸಿರುತ್ತದೆ.

ಒಂದೇ ದಿಕ್ಕಿನಲ್ಲಿ ಒಂದೇ ವೇಗದಲ್ಲಿ ನಡೆಯುವವರು ಎಂದಿಗೂ ಸಂಧಿಸುವುದಿಲ್ಲವೆಂಬುದು ಇದೇ ನಿಯಮದ ಉಪಪ್ರಮೇಯ. ಒಂದೇ ಬೀದಿಯಲ್ಲಿ ಹದಿನೈದು ವರ್ಷ ಬಾಳಿಯೂ ಒಬ್ಬರ ಮಗಳ ಮದುವೆ ಇನ್ನೊಬ್ಬರಿಗೆ ಗೊತ್ತಾಗದೆ ಹೋಗುವ ಪ್ರಕರಣಗಳನ್ನು ಇದರಿಂದ ವಿವರಿಸಬಹುದು. ನಡೆಯದೆ ಕಲ್ಲುಬೆಂಚಿನ ಮೇಲೆ ಕುಳಿತಿರುವ ಆಸನಸ್ಥರದು ಮಾತ್ರ ಬೇರೆಯೇ ಘನತೆ. ಎರಡೂ ಪಂಥಗಳ ವರದಿಗಳು ಅವರ ಮುಂದೆಯೇ ಹಾದುಹೋಗಬೇಕಾದ್ದರಿಂದ, ಯಾವುದನ್ನು ಮುಂದೆ ಬಿಡಬೇಕು, ಯಾವುದಕ್ಕೆ "ಛೇ ಛೇ, ಹಾಗಿರಲಾರದು" ಎಂದು ತಡೆ ಒಡ್ಡಬೇಕು ಎಂಬ ಸಂಪಾದಕೀಯ ಅಧಿಕಾರ ಮಂಡಿನೋವಿನ ಬಲದಿಂದಲೇ ಅವರಿಗೆ ಪ್ರಾಪ್ತವಾಗಿದೆ.

ಸುದ್ದಿ ಮಾಧ್ಯಮಗಳಿಗೆ ಈ ಊರಿನಲ್ಲಿ ಬರಗಾಲವಿರಲಿಲ್ಲ. 1859ರಷ್ಟು ಹಿಂದೆಯೇ 'ಮೈಸೂರು ವೃತ್ತಾಂತ ಬೋಧಿನಿ' ಹೊರಟಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು; ಅದಕ್ಕೆ ಬಂದ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು. 1970ರಿಂದ 'ಸುಧರ್ಮಾ' ಸಂಸ್ಕೃತದಲ್ಲೇ ದಿನಪತ್ರಿಕೆಯಾಗಿ ನಡೆಯಿತು. 1978ರಲ್ಲಿ ಬಂದ 'ಸ್ಟಾರ್ ಆಫ್ ಮೈಸೂರು' ಸಂಜೆಯ ಕಾಫಿಗೆ ಜೊತೆಯಾಯಿತು. ಆದರೂ ಸಂಜೆ ಪತ್ರಿಕೆಯನ್ನು ಮೈಸೂರಿನವರು ಓದುವುದು ಸುದ್ದಿ ತಿಳಿಯುವುದಕ್ಕಲ್ಲ, ಬೆಳಿಗ್ಗೆ ಕೆರೆಯ ಮೇಲೆ ಕೇಳಿದ್ದು ಸರಿಯಾಗಿ ಬಂದಿದೆಯೇ ಎಂದು ಪತ್ರಿಕೆಯನ್ನು ಪರೀಕ್ಷಿಸುವುದಕ್ಕೆ.

ವಾರ್ತೆಗಳ ತಾರತಮ್ಯವೂ ಗಮನಾರ್ಹ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದಿಳಿದಾಗ ಅವು ಎಲ್ಲಿಯವು, ಎಷ್ಟು ದಿನ ಇರುತ್ತವೆ, ಏನು ತಿನ್ನುತ್ತವೆ ಎಂದು ಪ್ರೀತಿಯಿಂದ ವಿಚಾರಿಸುವ ತೀರವಾಸಿಗಳು, ಹೊಸದಾಗಿ ಬಾಡಿಗೆಗೆ ಬಂದ ಸಂಸಾರದ ಬಗ್ಗೆಯೂ ಇದೇ ಮೂರು ಪ್ರಶ್ನೆಗಳನ್ನು, ಸ್ವಲ್ಪ ಕಡಿಮೆ ಪ್ರೀತಿಯಿಂದ, ವಿಚಾರಿಸುತ್ತಾರೆ. ಚಿರತೆಯದು ಮೇಲಿನ ಶ್ರೇಣಿ. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಆವರಣದ ಕ್ಯಾಮೆರಾದಲ್ಲಿ ಕಾಣಿಸಿಕೊಂಡ ಚಿರತೆ, ನೌಕರರನ್ನು ಮನೆಯಿಂದ ಕೆಲಸಕ್ಕೆ ಹಚ್ಚಿ, ಅರಣ್ಯ ಇಲಾಖೆ ಹಲವು ದಿನ ಹುಡುಕಿದರೂ ಸಿಗದೆ ಹೋಯಿತು. ತೀರವಾರ್ತೆಯಲ್ಲಿ ಮಾತ್ರ ಅದು ಬಹುಕಾಲ ಸಂಚರಿಸಿ, ಹೋದ ಬಡಾವಣೆಯಲ್ಲೆಲ್ಲ ಒಂದೆರಡು ಮರಿಗಳನ್ನೂ ಪಡೆಯಿತು. ಸೆಸ್ಕ್‌ನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಇದಕ್ಕಿಂತ ಕೆಳಗಿನದು: ಹೇಳಿದ ದಿನ ಕರೆಂಟು ಹೋದರೆ ಅದು ಸುದ್ದಿಯಲ್ಲ, ಹೋಗದಿದ್ದರೆ ಸುದ್ದಿ.

ಈ ಎಲ್ಲ ನಿಯಮಗಳನ್ನೂ ಮುರಿಯುವ ವಾರ್ತೆಯೊಂದಿದೆ. ಹೊಂಗಳ್ಳಿಯಲ್ಲೋ ಮೇಳಾಪುರದಲ್ಲೋ ಬೆಳಗೊಳದಲ್ಲೋ ಪಂಪು ಕೆಟ್ಟು ಎರಡು ದಿನ ನಲ್ಲಿ ಒಣಗಿದ ಮೇಲೆ ಬರುವ "ನೀರು ಬಿಟ್ಟಿದ್ದಾರೆ" ಎಂಬ ಎರಡು ಪದಗಳ ಆ ವಾರ್ತೆ ಸುದ್ದಿಸ್ಥಾನಕ್ಕಾಗಿ ಕಾಯುವುದಿಲ್ಲ, ಆಸನಸ್ಥರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಅದನ್ನು ಕೇಳಿದ ಕ್ಷಣ ಪ್ರದಕ್ಷಿಣ ಪಂಥದ ಕಟ್ಟಾ ಅನುಯಾಯಿಗಳೂ ಗೇಟು ಹತ್ತಿರವಿದ್ದ ಕಡೆಗೆ ಅಪ್ರದಕ್ಷಿಣವಾಗಿ ಓಡುತ್ತಾರೆ. ಸರಿಯಾಗಿ ಅರ್ಧ ಸುತ್ತಿನಲ್ಲಿರುವವರಿಗೆ ಎತ್ತ ತಿರುಗಿದರೂ ಅರ್ಧ ಗಂಟೆಯೇ ದಾರಿ. ಮನೆಗೆ ಬೀಗ ಹಾಕಿ ದಂಪತಿಗಳಾಗಿ ಬಂದ ಅಂಥವರು ಪಕ್ಕದ ಮನೆಯವರಿಗೆ ಫೋನು ಹಚ್ಚಿ, "ಸಾರ್, ನಮ್ಮನೆ ಸಂಪಿನ ವಾಲ್ವ್ ಸ್ವಲ್ಪ ತೆಗೆದುಬಿಡಿ" ಎನ್ನುವಷ್ಟರಲ್ಲಿ, ಪಕ್ಕದ ಮನೆಯವರು ಕಿವಿಗೆ ಫೋನಿಟ್ಟುಕೊಂಡು ಎದುರಿನ ತಿರುವಿನಿಂದಲೇ ಬರುತ್ತಿರುತ್ತಾರೆ.