ಕಾಂಟೆಸಾ ಮಾಮ

ಬಸವೇಶ್ವರನಗರದ ಹಾವನೂರು ಸರ್ಕಲ್ಲಿನ ಆಸುಪಾಸಿನಲ್ಲಿ ಯಾರನ್ನೇ ನಿಲ್ಲಿಸಿ ‘ಕಾಂಟೆಸಾ ಮಾಮನ ಮನೆ ಯಾವುದು’ ಎಂದು ಕೇಳಿ, ತೋರಿಸುತ್ತಾರೆ. ಮನೆ ಮುಂದೆ ರಸ್ತೆಯಲ್ಲಿ ನಿಂತಿರುವುದು ಬೂದು ಬಣ್ಣದ ವ್ಯಾಗನ್‌ಆರ್. ಕಾಂಟೆಸಾ ಇಲ್ಲ. ಹಿಂದೆಯೂ ಇರಲಿಲ್ಲ. ನಿವೃತ್ತಿಯಾದಾಗ ಬಂದ ಗ್ರಾಚ್ಯುಯಿಟಿಯಲ್ಲಿ ಒಂದು ಭಾಗವನ್ನು ಕಾಂಟೆಸಾ ಕೊಳ್ಳಲೆಂದೇ ಎಫ್‌ಡಿ ಇಟ್ಟು, ಅಂದಿನಿಂದ ಮಾಮ ಗಾಡಿ ನೋಡುತ್ತಿದ್ದಾರೆ. ಎಫ್‌ಡಿ ಬೆಳೆಯುತ್ತಿದೆ, ಊರಿನಲ್ಲಿ ಉಳಿದಿರುವ ಕಾಂಟೆಸಾಗಳು ಕರಗುತ್ತಿವೆ, ಅವುಗಳ ರೇಟು ಮಾತ್ರ ಬ್ಯಾಂಕಿನ ಬಡ್ಡಿಯನ್ನು ಹಿಂದೆ ಹಾಕಿ ಓಡುತ್ತಿದೆ.

ಇಂಥವರು ಬಡಾವಣೆಗೊಬ್ಬರಿದ್ದಾರೆ. ರಾಜಾಜಿನಗರದಲ್ಲೊಬ್ಬರಿಗೆ ಪದ್ಮಿನಿ ಬೇಕು, ಕೆಂಗೇರಿ ಉಪನಗರದಲ್ಲೊಬ್ಬರಿಗೆ ಮೈಸೂರಿನಲ್ಲಿ ತಯಾರಾದ ಹಳೇ ಜಾವಾವೇ ಆಗಬೇಕು. ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲಂತೂ ಬುಲೆಟ್ ನೋಡುವವರ ಒಂದು ಗುಂಪೇ ಇದೆ. ನೋಡುವವರು ಎಂದೆ, ಕೊಳ್ಳುವವರು ಎನ್ನಲಿಲ್ಲ. ಕೊಳ್ಳುವವರು ಬೇರೆ ಜಾತಿ. ಅವರಿಗೆ ಇಷ್ಟು ಮಾತು ಬರುವುದಿಲ್ಲ.

ಮಾಮನ ಆಸೆ ಹುಟ್ಟಿದ್ದು ಕಾರ್ಖಾನೆಯ ಬಾಗಿಲಲ್ಲಿ. ಅವರು ಫ್ಯಾಕ್ಟರಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಜನರಲ್ ಮ್ಯಾನೇಜರರ ಬಿಳಿ ಕಾಂಟೆಸಾ ಒಳಗೆ ಬರುತ್ತಿತ್ತಂತೆ. ಹಿಂದಿನ ಗಾಜಿಗೆ ಪರದೆ, ಸೀಟಿಗೆ ಬಿಳೀ ಟವೆಲ್ಲು. ವಾಚ್‌ಮನ್ ಹೊಡೆಯುತ್ತಿದ್ದ ಸೆಲ್ಯೂಟು ಬಸ್ಸಿನವರ ಮೇಲೂ ಒಂಚೂರು ಚೆಲ್ಲುತ್ತಿತ್ತು. ಮಾಮನಿಗೆ ಬೇಕಾಗಿರುವುದು ಗಾಡಿಯೋ ಆ ಸೆಲ್ಯೂಟೋ ಎಂಬ ಗುಮಾನಿ ನನಗೆ ಆಗಾಗ ಬರುತ್ತದೆ.

ಆಮೇಲೆ ಅಮೆರಿಕದಲ್ಲಿರುವ ಅಳಿಯ ಒಂದು ದಿನ ಫೋನಿನಲ್ಲಿ, ‘ಮಾವ, ಅದು ಇಂಡಿಯಾದ ಮಸಲ್ ಕಾರು’ ಎಂದುಬಿಟ್ಟ. ಕಾಯಿಲೆ ಉಲ್ಬಣಿಸಿತು. ಈ ಜಾತಿಯ ಲೆಕ್ಕವನ್ನು ಅಮೆರಿಕದವರು ಸಾಮಾನ್ಯವಾಗಿ 1964ರ ಪಾಂಟಿಯಾಕ್ ಜಿಟಿಒ ಗಾಡಿಯಿಂದ ಶುರುಮಾಡುತ್ತಾರೆ: 6.4 ಲೀಟರಿನ ಎಂಜಿನ್ನು, 325 ಕುದುರೆಗಳ ಬಲ. ನಮ್ಮ ಹಿಂದೂಸ್ತಾನ್ ಮೋಟರ್ಸ್‌ನವರು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಹಳೇ ಮಾದರಿಯನ್ನು ತಂದು 1984ರಲ್ಲಿ ಕಾಂಟೆಸಾ ಮಾಡಿದಾಗ ಒಳಗೆ ಕೂರಿಸಿದ್ದು ಅಂಬಾಸಡರ್‌ನ 1.5 ಲೀಟರ್ ಎಂಜಿನ್ನು, ಹೆಚ್ಚುಕಮ್ಮಿ 50 ಕುದುರೆ. ಉದ್ದನೆ ಬಾನೆಟ್ಟು, ಅಗಲ ಹೆಗಲು, ಮಸಲ್ಲೆಲ್ಲ ಮೈಮೇಲೆಯೇ. ಏರು ಬಂದರೆ ಏದುಸಿರು. ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನು, ಐದು ಗೇರು ಬಂದ ಮೇಲೆಯೇ ಅದು ಮೈಗೆ ತಕ್ಕ ಹಾಗೆ ಓಡಿದ್ದು. 2002ರಲ್ಲಿ ತಯಾರಿಕೆ ನಿಂತಿತು.

ಮಾಮನ ಸಿದ್ಧಾಂತ ಇಲ್ಲಿಂದ ಆರಂಭ. ಪೂರ್ತಿ ಒರಿಜಿನಲ್ ಬೇಕೆಂದರೆ ಮೊದಮೊದಲ ಗಾಡಿ ಬೇಕು, ಅದು ಎಳೆಯುವುದಿಲ್ಲ. ಎಳೆಯಬೇಕೆಂದು ಹಳೇ ಗಾಡಿಗೆ ಇಸುಜು ಹಾಕಿಸಿದವರಿದ್ದಾರೆ, ಅದು ಮಹಾಪಾಪ. ಆದರೆ ಅದೇ ಇಸುಜು ಎಂಜಿನ್ನನ್ನು ತೊಂಬತ್ತರ ದಶಕದಲ್ಲಿ ಕಂಪನಿಯವರೇ ಅಂಬಾಸಡರ್‌ಗೂ ಹಾಕಿದರಲ್ಲ! ಹಾಗಾಗಿ ಅಂಬಾಸಡರ್‌ನ ಎಂಜಿನ್ನು ಕಾಂಟೆಸಾದಲ್ಲಿದ್ದರೆ ಒರಿಜಿನಲ್, ಕಾಂಟೆಸಾದ ಎಂಜಿನ್ನು ಅಂಬಾಸಡರ್‌ನಲ್ಲಿದ್ದರೂ ಒರಿಜಿನಲ್, ಅಂಬಾಸಡರ್‌ನಿಂದ ಇಸುಜು ಬಿಚ್ಚಿ ಕಾಂಟೆಸಾಕ್ಕೆ ಹಾಕಿದರೆ ಮಾತ್ರ ಡೂಪ್ಲಿಕೇಟು. ಇಷ್ಟನ್ನೂ ಮಾಮ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳಿದವರಿಗೆ ಕಾಫಿ ಬೇಕಾಗುತ್ತದೆ.

ಗಾಡಿ ನೋಡಲು ಹೊರಟರೆ ಅವರ ಜೇಬಿನಲ್ಲಿ ಒಂದು ಟಾರ್ಚು, ಚಾಸಿಸ್ ನಂಬರಿನ ಅಚ್ಚು ತೆಗೆಯಲು ಪೆನ್ಸಿಲ್ಲು, ಹಾಳೆ, ಮತ್ತು ಮನೆಯ ಫ್ರಿಜ್ಜಿನಿಂದ ಕಿತ್ತ ತಿರುಪತಿ ತಿಮ್ಮಪ್ಪನ ಅಯಸ್ಕಾಂತ. ಅದನ್ನು ಗಾಡಿಯ ಮೈಗೆ ಅಲ್ಲಲ್ಲಿ ಹಚ್ಚುತ್ತಾ ಹೋಗುತ್ತಾರೆ. ತಿಮ್ಮಪ್ಪ ನಿಂತರೆ ತಗಡು, ಜಾರಿದರೆ ಪುಟ್ಟಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವ ಗೌಡರಿಗೂ ಇಷ್ಟು ಗಾಂಭೀರ್ಯ ಇರಲಾರದು.

ಇತ್ತೀಚೆಗೆ ವಿಜಯನಗರದ ಮಾರುತಿ ಮಂದಿರದ ಹಿಂದೊಂದು ರಸ್ತೆಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಹೊಂಗೆ ಮರದ ಕೆಳಗೆ ಟಾರ್ಪಾಲು ಹೊದ್ದ ಕಾಂಟೆಸಾ. ಮಾಲೀಕರು ರಿಟೈರಾದ ಕಂಟ್ರಾಕ್ಟರು, ಮಾತಿನಲ್ಲಿ ಮಾಮನಿಗೆ ಸರಿಸಾಟಿ.

‘ಫುಲ್ ಒರಿಜಿನಲ್ ಸಾರ್. ಒಂದು ಸ್ಕ್ರೂ ಮುಟ್ಟಿಲ್ಲ ನಾವು.’

‘ಹಾಗಾದ್ರೆ ಸರ್ವೀಸೇ ಮಾಡಿಸಿಲ್ಲ ಅನ್ನಿ.’

‘ಹಾಗಲ್ಲ ಸಾರ್, ಟೈಮ್ ಟೈಮಿಗೆ ಎಲ್ಲಾ ಮಾಡಿಸಿದೀನಿ.’

‘ಮತ್ತೆ ಮುಟ್ಟಿಲ್ಲ ಅಂದ್ರಿ?’

ಬಂಪರ್ ಫಳಫಳ ಹೊಳೆಯುತ್ತಿತ್ತು. ಮಾಮ ಬಗ್ಗಿ ಮುಖ ನೋಡಿಕೊಂಡರು. ‘ಕಾಮಾಕ್ಷಿಪಾಳ್ಯದಲ್ಲಿ ಕ್ರೋಮ್ ಮಾಡಿಸಿದೀರ’ ಎಂದರು. ಅಲ್ಲಿನ ಲೇತು, ಪಾಲಿಶ್ ಶೆಡ್ಡುಗಳ ಗಲ್ಲಿಗಳೆಲ್ಲ ಅವರಿಗೆ ಬಾಯಿಪಾಠ. ಕಂಟ್ರಾಕ್ಟರು ಒಪ್ಪಿಕೊಂಡರು. ಮಾಮ ತಕ್ಷಣ ರೇಟಿನಲ್ಲಿ ಇಪ್ಪತ್ತು ಸಾವಿರ ಕಳೆದರು. ಬಾಗಿಲ ರಬ್ಬರ್ ಬೀಡಿಂಗು ಜೆ.ಸಿ. ರಸ್ತೆಯ ಅಂಗಡಿಯದು, ಕಳೆದರು. ಡ್ಯಾಶ್‌ಬೋರ್ಡು ಒರಿಜಿನಲ್ಲೇ ಇತ್ತು, ಬಿಸಿಲಿಗೆ ಸೀಳಿತ್ತು, ಸೀಳಿದ್ದಕ್ಕೆ ಕಳೆದರು. ಒರಿಜಿನಲ್ ಅಲ್ಲದ್ದಕ್ಕೂ ಕಳೆಯುವುದು, ಒರಿಜಿನಲ್ ಆಗಿ ಉಳಿದು ಹಳತಾದದ್ದಕ್ಕೂ ಕಳೆಯುವುದು. ಆರು ಲಕ್ಷ ಎಂದಿದ್ದ ಗಾಡಿ ಅರ್ಧ ಗಂಟೆಯಲ್ಲಿ ಎರಡೂಕಾಲಕ್ಕೆ ಬಂದು ನಿಂತಿತು. ಮಾಮನ ಬಾಯಲ್ಲಿ, ಅಷ್ಟೆ.

ಕಂಟ್ರಾಕ್ಟರಿಗೆ ಸಿಟ್ಟು ಬಂತು. ‘ಸಾರ್, 2017ರಲ್ಲಿ ಅಂಬಾಸಡರ್ ಅನ್ನೋ ಬರೀ ಹೆಸರನ್ನ ಫ್ರಾನ್ಸಿನ ಪೂಜೋ ಕಂಪನಿ 80 ಕೋಟಿ ಕೊಟ್ಟು ತಗೊಂತು. ಗಾಡಿ ಇಲ್ಲ, ಗೇರಿಲ್ಲ, ಬರೀ ಹೆಸರು. ನಾನು ಟೈರ್ ಸಮೇತ ಕೊಡ್ತಿದೀನಿ!’

‘ಟೈರು ಒರಿಜಿನಲ್ಲಾ?’

‘ಒರಿಜಿನಲ್ ಟೈರಾಗಿದ್ರೆ ಗಾಡಿ ಈ ಮರದ ಕೆಳಗಿಂದ ಆಚೆ ಬರಲ್ಲ, ಸ್ವಾಮಿ.’

ಹೊರಬಂದ ಮೇಲೆ ಮಾಮ ನನಗೆ ಗುಟ್ಟಿನಲ್ಲಿ ಹೇಳಿದರು: ‘ಗಾಡಿ ಚಿನ್ನ ಕಣಯ್ಯಾ. ಅದಕ್ಕೇ ಅನುಮಾನ.’

ಮಾಮನ ಪರಿಣತಿ ಹುಡುಗರಿಗೂ ಬೇಕು. ಯಾರಾದರೂ ಆರ್‌ಎಕ್ಸ್ ಹಂಡ್ರೆಡ್ ಕೊಳ್ಳುವುದಾದರೆ ಮೊದಲು ಇವರ ಮನೆಗೆ ಬರುತ್ತಾರೆ. 98 ಸಿಸಿ, 11 ಕುದುರೆ, 1985ರ ಕೊನೆಯಿಂದ 1996ರವರೆಗೆ ಬಂದ ಆ ಸಣಕಲು ಬೈಕಿಗೆ ನಮ್ಮ ಕಡೆ ಹುಡುಗರು ಲಕ್ಷ ಎಣಿಸುತ್ತಾರೆ. ಸದ್ದು ಕೇಳಿದರೆ ಹೋಟೆಲಿನಲ್ಲಿ ದೋಸೆ ಬಿಟ್ಟು ಎದ್ದು ಬರುತ್ತಾರೆ. ಮಾರುವವರದ್ದೆಲ್ಲ ಒಂದೇ ಮಾತು, ‘ಜಪಾನ್ ಎಂಜಿನ್ ಸಾರ್.’ ರಾಜಾಜಿನಗರದಿಂದ ನಾಯಂಡಹಳ್ಳಿಯವರೆಗೆ ಮಾರಾಟಕ್ಕಿರುವ ಆರ್‌ಎಕ್ಸ್‌ಗಳೆಲ್ಲ ಜಪಾನಿನಿಂದಲೇ ಬಂದಿದ್ದರೆ ಇಲ್ಲಿ ಎಸ್ಕಾರ್ಟ್ಸ್ ಕಾರ್ಖಾನೆಯವರು ಹತ್ತು ವರ್ಷ ಏನು ಮಾಡುತ್ತಿದ್ದರು ಎಂಬುದು ಮಾಮನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಹುಡುಗರು ತಲೆಯಾಡಿಸಿ, ಮಾರನೆಯ ದಿನ ಅದೇ ಬೈಕು ಕೊಂಡು, ಮಾಮನ ಮನೆ ಮುಂದೆಯೇ ಸದ್ದು ಮಾಡುತ್ತಾ ಹೋಗುತ್ತಾರೆ. ಅವರು ಮೋಸ ಹೋಗಿರಬಹುದು. ಆದರೆ ಹೋಗುತ್ತಿರುವುದು ಬೈಕಿನ ಮೇಲೆ.

ಮಾಮನ ಈ ಒರಿಜಿನಲ್ ವ್ರತ ಮನೆಯೊಳಗೆ ನಡೆಯುವುದಿಲ್ಲ. ಅವರ ಅಪ್ಪ ಕಟ್ಟಿಸಿದ ಮನೆಗೆ ಕಾಲಿಟ್ಟರೆ ತಣ್ಣಗಿರುವ ರೆಡ್ ಆಕ್ಸೈಡ್ ನೆಲವಿತ್ತು. ಮಾಮ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದರು. ತೇಗದ ಕಿಟಕಿಗಳು ಗುಜರಿಗೆ ಹೋಗಿ ಯುಪಿವಿಸಿ ಬಂದವು. ಪಕ್ಕದ ಖಾಲಿ ಜಾಗದಲ್ಲಿ ಬಾಡಿಗೆಯವರಿಗೆಂದು ಮೆಟ್ಟಿಲು ಎದ್ದಿತು. ‘ಗಾಡಿಗೆ ಕಂಪನಿ ಪೇಂಟೇ ಇರಬೇಕು, ಮನೆಗೆ ಅದ್ಯಾವ ಕಂಪನಿ ಆಫರ್ ಕೊಟ್ಟರೆ ಅದು’ ಎಂಬ ಮಾತನ್ನೂ ಮಾಮಿ ಕಾಫಿಲೋಟದ ಜೊತೆಗೆ ಕೊಟ್ಟು ಹೋಗುತ್ತಾರೆ. ಮಾಮನಿಗೆ ಕೇಳಿಸುವುದಿಲ್ಲ, ಅವರು ಸೈಲೆನ್ಸರಿನ ಸದ್ದಿನಲ್ಲಿ ಸಿಲಿಂಡರಿನ ಆರೋಗ್ಯ ಪತ್ತೆಹಚ್ಚುವವರು.

ಸರ್ಕಾರವೂ ಅವರಿಗೆ ಆಗಾಗ ನೆಪ ಒದಗಿಸುತ್ತದೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸಿ ಎಂದಾಗ ಮಾಮ ಗಾಡಿ ನೋಡುವುದನ್ನೇ ನಿಲ್ಲಿಸಿದ್ದರು. ಹಾಕಿಸಿದರೆ ಪೇಂಟರ್ ಕೈಯಲ್ಲಿ ಬರೆದ ಹಳೇ ಕೆಎ-02 ಪ್ಲೇಟು ಹೋಯಿತು, ಹಾಕಿಸದಿದ್ದರೆ ದಂಡ. ಆಮೇಲೆ 2021ರ ವಿಂಟೇಜ್ ನಿಯಮ ಅವರ ಕಣ್ಣಿಗೆ ಬಿತ್ತು: 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ದಿನಾ ಓಡಿಸುವ ಹಾಗೇ ಇಲ್ಲ ಎಂಬುದನ್ನು ಓದಿದಾಗ ಮಾಮನ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲ ಕಾಂಟೆಸಾಕ್ಕೆ 50 ತುಂಬುವುದು 2034ಕ್ಕೆ. ‘ಅವಸರ ಏನಿದೆ?’ ಎಂದರು.

ಅವಸರ ವಿಜಯನಗರದವರಿಗಿತ್ತು. ಮಗ ಕೆನಡಾಕ್ಕೆ ಕರೆಸಿಕೊಳ್ಳುತ್ತಿದ್ದಾನೆ, ಮನೆ ಖಾಲಿ ಮಾಡಬೇಕು. ಒಂದು ಭಾನುವಾರ ಬೆಳಿಗ್ಗೆ ಫೋನು ಮಾಡಿ, ‘ಎರಡೂಕಾಲಕ್ಕೇ ತಗೊಂಡು ಹೋಗಿ ಸಾರ್, ನಿಮ್ಮಷ್ಟು ಬೆಲೆ ಗೊತ್ತಿರೋರು ಸಿಗಲ್ಲ’ ಎಂದರು. ಸ್ಪೀಕರ್ ಆನ್ ಇತ್ತು, ಮಾಮಿಗೂ ನನಗೂ ಕೇಳಿಸಿತು. ಮಾಮ ಎಂಜಿನ್ ನಂಬರು ಕೇಳಿದರು, ಆರ್‌ಸಿಯಲ್ಲಿದ್ದದ್ದೇ ಇತ್ತು. ಜ್ಯಾಕು, ಟೂಲ್ ಕಿಟ್ಟು ಕೇಳಿದರು, ಡಿಕ್ಕಿಯಲ್ಲಿದ್ದವು. ಕಂಪನಿಯ ಮ್ಯಾನ್ಯುಯಲ್ ಪುಸ್ತಕ ಕೇಳಿದರು. ಪ್ಲಾಸ್ಟಿಕ್ ಕವರಿನ ಸಮೇತ ಇತ್ತು. ಮಾಮ ಫೋನಿಟ್ಟು ಟೇಪು ಹಿಡಿದು ಅಂಗಳಕ್ಕೆ ಹೋದರು. ನಾಲ್ಕೂವರೆ ಮೀಟರು ಮೀರಿದ ಗಾಡಿ. ಒಂದು ಕಡೆ ಬಾಡಿಗೆಯವರ ಮೆಟ್ಟಿಲು, ಎದುರಿಗೆ ಗೇಟು. ಮೂರು ಸಲ ಅಳೆದು, ‘ತಿರುಗಲ್ಲ, ಒಳಗೆ ಬರಲ್ಲ’ ಎಂದರು. ದನಿಯಲ್ಲಿ ಅಂಥಾ ದುಃಖವೇನೂ ಇರಲಿಲ್ಲ.

‘ಅಷ್ಟೇ ತಾನೆ?’ ಎಂದರು ಮಾಮಿ. ‘ಗೇಟ್ ಕಿತ್ತಾಕಿಸಿ. ದೊಡ್ಡದು ಇಡಿಸೋಣ. ಇವತ್ತೇ ವೆಲ್ಡಿಂಗ್‌ನವನಿಗೆ ಹೇಳ್ತೀನಿ.’

ಮಾಮ ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ಏನಂದೆ? ಗೇಟ್ ಕೀಳಿಸೋದಾ? ನಮ್ಮಪ್ಪ ನಿಂತು ಹಾಕಿಸಿದ್ದು ಕಣೇ ಇದು. ಒರಿಜಿನಲ್ಲು!’