ಗಿಟಾರಿನ ಟೆಂಡರು

ಸಾಗರ ಸೀಮೆಯ ಅಡಿಕೆ ಬೆಳೆಗಾರನಿಗೆ ಹರಾಜಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಅಡಿಕೆ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸಾಹುಕಾರರ ಮುಖ ನೋಡಿಯೇ ಇವತ್ತಿನ ದರ ಊಹಿಸುವ ಜನ ನಾವು. ಈಗ ಆ ಮುಖವೂ ಕಂಪ್ಯೂಟರಿನ ಹಿಂದೆ ಹೋಗಿದೆ. 2014ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಹುಟ್ಟಿಕೊಂಡ ಮೇಲೆ ಎಪಿಎಂಸಿಗಳಲ್ಲಿ ಇ-ಟೆಂಡರ್ ಹಬ್ಬಿತು. ಲಾಟಿಗೊಂದು ನಂಬರು, ಗುಟ್ಟಾಗಿ ಹಾಕುವ ದರ, ಹೊತ್ತು ಮುಗಿದ ಮೇಲೆ ಹೆಚ್ಚು ಹಾಕಿದವನ ಹೆಸರು. ದರ ಮನಸ್ಸಿಗೆ ಬಾರದಿದ್ದರೆ 'ಕೊಡೋದಿಲ್ಲ' ಎನ್ನುವ ಹಕ್ಕು ಬೆಳೆಗಾರನದು. ನಾವು ಮತ ಹಾಕಲು ಮರೆತೇವು, ಈ ಹಕ್ಕು ಚಲಾಯಿಸಲು ಮರೆಯುವುದಿಲ್ಲ.

ಹೀಗಿರುವಾಗ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅಪ್ಪಯ್ಯ, ಆ ಗಿಟಾರ್‌ನ ಆನ್‌ಲೈನ್ ಹರಾಜಿಗೆ ಹಾಕ್ತಿ, ನೀ ಫೋಟೋ ತೆಗೆದು ಕಳಿಸು" ಎಂದ. ನನಗಿಂತ ಪಕ್ಕದ ಮನೆ ಭಾವನಿಗೆ ಹುರುಪು ಬಂತು. "ಟೆಂಡರ್ ಅಂದಮೇಲೆ ನಾ ಇದ್ದಿ" ಎಂದು ಅವತ್ತೇ ಸಂಜೆ ನಮ್ಮ ಜಗುಲಿಗೆ ಬಂದು ಕೂತ.

ಈ ಗಿಟಾರು ನಮ್ಮನೆಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಆ ವರ್ಷ ಮಲೆನಾಡಿನ ಮನೆಮನೆಗೂ ಲ್ಯಾಪ್‌ಟಾಪ್ ಸಮೇತ ಮಕ್ಕಳು ವಾಪಸು ಬಂದರಲ್ಲ, ನಮ್ಮವನ ಜತೆ ಇದೂ ಬಂತು. ನಮ್ಮೂರು ವರದಮೂಲದಲ್ಲಿ ಹುಟ್ಟಿದ್ದು ಯಾವುದೂ ಇಲ್ಲಿ ನಿಲ್ಲುವುದಿಲ್ಲ. ವರದಾ ನದಿಯೇ ಇಲ್ಲಿ ಹುಟ್ಟಿ, ಬನವಾಸಿ ಬಳಸಿ, ಗಳಗನಾಥದ ಹತ್ತಿರ ತುಂಗಭದ್ರೆ ಸೇರಿಬಿಡುತ್ತಾಳೆ. ಮಕ್ಕಳದ್ದು ಕೇಳುವುದೇ ಬೇಡ. ಹೊರಗಿನಿಂದ ಬಂದದ್ದು ಮಾತ್ರ ಇಲ್ಲೇ ಬೇರು ಬಿಡುತ್ತದೆ. ಮಗ ಹೋದ, ಗಿಟಾರು ಉಳಿಯಿತು.

ನಮ್ಮ ಮಳೆಗಾಲ ಮರದ ವಾದ್ಯಕ್ಕೆ ಹೇಳಿಸಿದ್ದಲ್ಲ. ಆಷಾಢ ಮುಗಿಯುವುದರೊಳಗೆ ಗಿಟಾರಿನ ಹೊಟ್ಟೆಯೊಳಗೆ ಬೂಷ್ಟು ಹಿಡಿದು, ತಂತಿಗೆ ತುಕ್ಕು ಬಂದು, ಕುತ್ತಿಗೆ ಒಂದು ಕಡೆ ವಾಲಿತು. ಕುತ್ತಿಗೆ ಬಾಗಿದರೆ ತಂತಿ ಫ್ರೆಟ್‌ಗಳಿಂದ ಮೇಲೆದ್ದು ನಿಲ್ಲುತ್ತದೆ. ಒತ್ತುವವನ ಬೆರಳಿನಲ್ಲಿ ಬೊಬ್ಬೆ ಬರುತ್ತದೆ. ಒಣಗಲೆಂದು ನಮ್ಮನೆಯವಳು ಅದನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಗೊರಬಲು ಅಡಿಕೆಯ ಚೀಲದ ಪಕ್ಕ ಮಲಗಿಸಿದಳು. ಬೂಷ್ಟು ಹೋಯಿತು. ಬದಲಿಗೆ ಹೊಗೆ ಕುಡಿದು ಬಣ್ಣ ಬೆಲ್ಲದ ಪಾಕದಂತಾಯಿತು. ಮಗ ಹರಾಜಿನ ವಿವರದಲ್ಲಿ ಅದಕ್ಕೆ 'ವಿಂಟೇಜ್ ಲುಕ್' ಎಂದು ಬರೆದ. ಓದಿದವನು ಓದಿದವನೇ.

ಅಟ್ಟದ ಸುದ್ದಿ ಬಂದಾಗ ಮಗ ಇನ್ನೊಂದು ಕತೆ ಹೇಳಿದ್ದ. ಬೀಟಲ್ಸ್ ತಂಡದ ಜಾನ್ ಲೆನನ್ ನುಡಿಸುತ್ತಿದ್ದ ಫ್ರೇಮಸ್ ಕಂಪನಿಯ ಹನ್ನೆರಡು ತಂತಿಯ ಗಿಟಾರು ಇಂಗ್ಲೆಂಡಿನ ಯಾವುದೋ ಮನೆಯ ಅಟ್ಟದಲ್ಲಿ ದಶಕಗಟ್ಟಲೆ ಬಿದ್ದಿತ್ತಂತೆ. 2024ರ ಮೇ ತಿಂಗಳಲ್ಲಿ ಹರಾಜಾದಾಗ ಸುಮಾರು 28 ಲಕ್ಷ ಡಾಲರ್, ಅಂದರೆ 20 ಕೋಟಿ ರೂಪಾಯಿಗೂ ಮೇಲೆ. ಕರ್ಟ್ ಕೊಬೇನ್ ಎಂಬವನ ಮಾರ್ಟಿನ್ ಗಿಟಾರು 2020ರಲ್ಲೇ 60 ಲಕ್ಷ ಡಾಲರ್ ದಾಟಿತ್ತು. ಭಾವ ಇದನ್ನು ಕೇಳಿ ತುಸು ಹೊತ್ತು ಸುಮ್ಮನಿದ್ದು, "ಅವರ ಅಟ್ಟಕ್ಕೆ ಹೊಗೆ ಇತ್ತಡ?" ಎಂದ.

ನಮ್ಮದು ಗಿವ್ಸನ್. ಅಮೆರಿಕದ ಗಿಬ್ಸನ್ ಅಲ್ಲ, ಕೋಲ್ಕತ್ತದ ಗಿವ್ಸನ್. ಕಲಿಯುವ ಹುಡುಗರ ಕೈಗೆಟುಕುವ ದರದ ಪ್ರಾಮಾಣಿಕ ಗಿಟಾರು. ಒಂದಕ್ಷರದಲ್ಲಿ ಲಕ್ಷಗಟ್ಟಲೆ ಅಂತರ. ಆ ಅಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿ ಫೋಟೋ ತೆಗೆಯೋಣವೇ ಎಂದು ಭಾವ ಕೇಳಿದ್ದು ಹೌದು, ನಾನು ಬೇಡವೆಂದೆ.

ಫೋಟೋ ಆಯಿತು. ಆಮೇಲೆ ಸರಕಿನ ಸ್ಥಿತಿ ಬರೆಯಬೇಕು. ಅದಕ್ಕೆ ಆ ತಾಣದಲ್ಲಿ ಇದ್ದದ್ದು ಮೂರೇ ಬಗೆ: ಹೊಸದು, ಚೆನ್ನಾಗಿದೆ, ಪರವಾಗಿಲ್ಲ. ಭಾವನಿಗೆ ತಡೆಯಲಾಗಲಿಲ್ಲ. ಒಂದು ಮರದ ಒಂದೇ ಗೊನೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಚಾಲಿ, ಸಿಪ್ಪೆಗೋಟು, ಬಿಳೆಗೋಟು, ಕೋಕಾ ಎಂದು ಆರಿಸಿ ಗುಡ್ಡೆ ಹಾಕುವವನಿಗೆ ಮೂರು ಯಾವ ಮೂಲೆಗೆ? ಕನ್ನಡಕ ಏರಿಸಿ, ಗಿಟಾರನ್ನು ಮಡಿಲಲ್ಲಿಟ್ಟು, ಉಗುರಿನಿಂದ ಕುಟ್ಟಿ ಕಿವಿಗೊಟ್ಟ. ಮೈ ರಾಶಿ. ಕುತ್ತಿಗೆ ಗೊರಬಲು. ಕೀಲುಗಳಲ್ಲಿ ಎರಡು ಕೋಕಾ. ತಂತಿ ಲೆಕ್ಕಕ್ಕೇ ಇಲ್ಲ. ಒಟ್ಟು ಮಾರಿದರೆ ನಷ್ಟ, ಆರಿಸಿ ಮಾರಬೇಕು ಎಂಬುದು ಅವನ ತೀರ್ಮಾನ. ಇಷ್ಟನ್ನೂ ಮಗನಿಗೆ ಓದಿ ಹೇಳಿದೆವು. ಅವನು 'ಪರವಾಗಿಲ್ಲ' ಒತ್ತಿದ.

ನಿಜವಾದ ಜಗಳ ಶುರುವಾದದ್ದು ಹರಾಜಿನ ಕ್ರಮ ಗೊತ್ತಾದಾಗ. ಕೊಳ್ಳುವವನು ತನ್ನ ಕಟ್ಟಕಡೆಯ ದರವನ್ನು ಮೊದಲೇ ಗುಟ್ಟಾಗಿ ಹೇಳಿಡುತ್ತಾನೆ. ಯಂತ್ರ ಅವನ ಪರವಾಗಿ ಬೇಕಾದಷ್ಟೇ ಏರಿಸುತ್ತ ಹೋಗುತ್ತದೆ. ಅಂದರೆ ಐದು ಸಾವಿರಕ್ಕೆ ಸಿದ್ಧನಿದ್ದವನೂ, ಎರಡನೆಯವನು ಎರಡು ಸಾವಿರಕ್ಕೆ ಕೈಬಿಟ್ಟರೆ, ಅದಕ್ಕಿಂತ ಚೂರು ಮೇಲೆ ಕೊಟ್ಟು ಹೊತ್ತುಕೊಂಡು ಹೋಗುತ್ತಾನೆ.

"ಎರಡನೆಯವನ ದರಕ್ಕೆ ಒಂದನೆಯವನಿಗೆ ಕೊಡೋದು ಯಾವ ಊರಿನ ನ್ಯಾಯ?" ಎಂದು ಭಾವ ಎದ್ದೇ ನಿಂತ. ಮಗ ಸಮಾಧಾನ ಹೇಳಿದ: ಹೀಗೆ ಮಾಡಿದರೆ ಕೊಳ್ಳುವವನು ಅಂಜದೆ ತನ್ನ ನಿಜವಾದ ದರ ಹಾಕುತ್ತಾನೆ; ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲೇ ಇದರ ಲೆಕ್ಕ ಬರೆದಿಟ್ಟ; 1996ರಲ್ಲಿ ನೊಬೆಲ್ ಬಂತು; ಘೋಷಣೆಯಾಗಿ ಮೂರೇ ದಿನಕ್ಕೆ ತೀರಿಕೊಂಡ. ಭಾವ ಮರುಗಿದ. ಆಮೇಲೆ ಕೇಳಿದ: "ಅವಂಗೆ ತೋಟ ಇತ್ತಾ?"

ಹರಾಜು ಶುರುವಾಯಿತು. ಕೊಳ್ಳುವವರಿಗಿಂತ ಕೇಳುವವರು ಹೆಚ್ಚು. 'ಇದೆಯಾ?' 'ಲಾಸ್ಟ್ ಎಷ್ಟು?' 'ಹಳೆ ಮೊಬೈಲ್ ಕೊಡ್ತೀನಿ, ಎಕ್ಸ್‌ಚೇಂಜ್ ಆಗತ್ತಾ?' ನಡುವೆ ಒಬ್ಬ, ತಾನು ಸೈನ್ಯದಲ್ಲಿರುವುದಾಗಿಯೂ ಗಿಟಾರನ್ನು ನೋಡದೆಯೇ ಕೇಳಿದ ಬೆಲೆಗೆ ಕೊಳ್ಳುವುದಾಗಿಯೂ ಹೇಳಿ, ದುಡ್ಡು 'ಸ್ವೀಕರಿಸಲು' ಒಂದು ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ ಎಂಬುದು ಭಾವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: "ಚೀಲ ಬಿಚ್ಚಿ ನೋಡದೆ ದರ ಹೇಳೋ ಸಾಹುಕಾರನ ನಾ ಇಲ್ಲಿವರೆಗೂ ಕಂಡಿದ್ದಿಲ್ಲೆ. ಬಿಡು ಅವನ." ಬಿಟ್ಟೆವು. ಸೈಬರ್ ಪೊಲೀಸರ ಎಚ್ಚರಿಕೆಗಿಂತ ಇದು ಚಿಕ್ಕದಾಗಿ ಚೊಕ್ಕವಾಗಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುಗಿಯುವ ರಾತ್ರಿ ಗಾಳಿಮಳೆ. ಕರೆಂಟು ಹೋಗಿತ್ತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಬಡಗಣ ಮೂಲೆಯಲ್ಲಿ ಮಾತ್ರ. ಅಲ್ಲಿ ನಾನು, ಭಾವ, ಎಮ್ಮೆ, ಮೂವರೂ ಒಂದೇ ಫೋನಿನ ಬೆಳಕಿಗೆ ಮುಖ ಒಡ್ಡಿ ನಿಂತೆವು. ಆನ್‌ಲೈನ್ ಹರಾಜಿನ ಹುಲಿಗಳು ಕೊನೆಯ ಕ್ಷಣದವರೆಗೂ ಹೊಂಚು ಹಾಕಿ ಕೂರುತ್ತಾರಂತೆ. ಹಾಗೇ ಆಯಿತು. 1,500ಕ್ಕೆ ನಿಂತಿದ್ದದ್ದು ಕಡೆಗೆ ಸರಸರನೆ ಏರಿ 2,650ಕ್ಕೆ ಮುಗಿಯಿತು.

"ಕೊಡೋದು ಬೇಡ" ಎಂದೆವು ಇಬ್ಬರೂ ಒಟ್ಟಿಗೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದೇ ಅದು. 2014ರಲ್ಲಿ ರಾಶಿ ಅಡಿಕೆಯ ದರ ಗಗನಕ್ಕೇರಿದಾಗಲೂ ಇನ್ನೂ ಏರುತ್ತದೆಂದು ಚೀಲದ ಮೇಲೆ ಕೂತವರು ಎಷ್ಟಿಲ್ಲ! ದರ ಇಳಿದಾಗ ಏರಲಿ ಎಂದು ಕಾಯುವುದು, ಏರಿದಾಗ ಇನ್ನೂ ಏರಲಿ ಎಂದು ಕಾಯುವುದು. ನಾವು ಮಾರುವುದು ಮಗಳ ಮದುವೆ ಬಂದಾಗ, ಸೊಸೈಟಿ ಸಾಲದ ಕಂತು ಬಂದಾಗ. ಗಿಟಾರಿಗೆ ಅಂಥ ತುರ್ತು ಏನಿತ್ತು? ಚೈತ್ರದವರೆಗೆ ಅಟ್ಟದಲ್ಲಿ ಇಟ್ಟರೆ ತಿನ್ನಲು ಕೇಳುತ್ತದೆಯೇ?

ಮಗ ರೇಗಿದ. ಅಲ್ಲಿ ಮಾರುವವನಿಗೆ ಹಿಂದೆಗೆಯುವ ಹಕ್ಕಿಲ್ಲ. ಬೇಕಿದ್ದರೆ ಇದಕ್ಕಿಂತ ಕಮ್ಮಿಗೆ ಕೊಡೆವು ಎಂದು ಮೊದಲೇ ಮಿತಿ ಹಾಕಬೇಕಿತ್ತು. "ಎಪಿಎಂಸಿಯೇ ವಾಸಿ" ಎಂದ ಭಾವ. ಸರ್ಕಾರಿ ವ್ಯವಸ್ಥೆಯೊಂದನ್ನು ಅವನು ಹೊಗಳಿದ್ದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಗೆದ್ದವಳು ತೀರ್ಥಹಳ್ಳಿ ಕಡೆಯ ಕಾಲೇಜು ಹುಡುಗಿ. ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ಅವಳು ಜಗುಲಿಯ ತುದಿಯಲ್ಲಿ ಕೂತು ಕೀಲು ತಿರುಗಿಸುತ್ತ, ಫೋನಿನ ಆ್ಯಪ್ ನೋಡಿಕೊಂಡು ಒಂದೊಂದೇ ತಂತಿಯನ್ನು ಶ್ರುತಿಗೆ ತಂದಳು. ಅಪ್ಪ ಮಾತ್ರ ಗಿಟಾರನ್ನು ಮೂಸಿ ನೋಡಿ, "ನಿಮ್ದು ಹೊಗೆ ಅಟ್ಟವಾ? ನಾವೂ ಹೋದ ವರ್ಷದವರೆಗೆ ಅದ್ರಲ್ಲೇ ಒಣಗಿಸ್ತಿದ್ವಿ ಮಾರಾಯ್ರೆ, ಈಗ ಡ್ರೈಯರ್" ಎಂದರು. ಅಲ್ಲಿಗೆ ಗಿಟಾರಿನ ಮಾತು ಮುಗಿಯಿತು. ಕೊಳೆರೋಗ, ಎಲೆಚುಕ್ಕಿ, ಬೋರ್ಡೋ ದ್ರಾವಣ, ಕೊನೆಗೌಡರ ಕೂಲಿ. ಎರಡು ಸುತ್ತು ಕಾಫಿ ಆಯಿತು. ಹೊರಡುವಾಗ ಅವರು ಗಿಟಾರಿನ ಬ್ಯಾಗನ್ನು ಎತ್ತಿ, "ಇದು ಸೇರಿಯೇ ಅಲ್ವಾ?" ಎಂದರು.

"ಸೇರಿಯೇ. ಚೀಲದ ತೂಕ ಕಳೆಯೋದಿಲ್ಲ" ಎಂದ ಭಾವ. ಅವರು ಬಿದ್ದು ಬಿದ್ದು ನಕ್ಕರು. ಹುಡುಗಿಗೆ ಅರ್ಥವಾಗಲಿಲ್ಲ.

ರಾತ್ರಿ ಮಗನ ಫೋನ್ ಬಂತು. ಕೊಟ್ಟಿಗೆ ಮೂಲೆಯಲ್ಲಿ ಭಾವನೇ ಎತ್ತಿಕೊಂಡ. ಆ ಕಡೆಯಿಂದ "ಎಷ್ಟಾತು, ದುಡ್ಡು ಬಂತಾ?" ಎಂದು ಕೇಳಿದ್ದು ನನಗೂ ಕೇಳಿಸಿತು.

"ಮಾಣಿ, ತೀರ್ಥಹಳ್ಳಿಲಿ ರಾಶಿಗೆ ನಮ್ಮಲ್ಲಿಗಿಂತ ಇನ್ನೂರು ಜಾಸ್ತಿ ಇದ್ದಡ!"